ತಟ್ಟೆ ತೊಳೆದ ನೀರು

ಇದನ್ನು ಹೇಳಿಬಿಡಬೇಕು ಎಂದುಕೊಂಡಾಗಲೆಲ್ಲ ನನಗೆ ಬೇರೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಒಮ್ಮೆ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುವುದು, ಒಮ್ಮೆ ಬೇರಿಕೆ ಸಂತೆಗೆ ಹೋಗಿ ಹುರಿಗಡಲೆ ತರುವುದು, ಏನೂ ಇಲ್ಲದಿದ್ದರೆ ಉಗುರು ಕತ್ತರಿಸಿಕೊಳ್ಳುವುದು. ಮುದುಕರ ಉಗುರು ಅಷ್ಟು ಬೇಗ ಬೆಳೆಯುವುದಿಲ್ಲ, ಆದರೂ ಕತ್ತರಿಸಿದ್ದೇನೆ. ಈಗ ಕತ್ತರಿಸಲು ಉಗುರು ಉಳಿದಿಲ್ಲ, ಹೇಳಲೇಬೇಕು.

ಅದೂ ಅಲ್ಲದೆ ನಾನೀಗ ಬಹಳ ಹುರುಪಿನಲ್ಲಿದ್ದೇನೆ. ಈಚೆಗಷ್ಟೇ ಮೊಮ್ಮಗಳ ಜೊತೆ ಕೃಷ್ಣಗಿರಿಗೆ ಹೋಗಿ, ವಿಜ್ಞಾನ ಪ್ರದರ್ಶನದಲ್ಲಿ ಅವಳ ಚಾರ್ಟಿನ ಪಕ್ಕ ನಿಂತು ಬಂದಿದ್ದೇನೆ. ಬಸ್ಸಿನಲ್ಲಿ ಅಪರಿಚಿತರಿಗೆಲ್ಲ ಆ ಕಥೆ ಹೇಳಿದೆ. ಕಂಡಕ್ಟರನಿಗೆ ಹೇಳುವಷ್ಟರಲ್ಲಿ ನಮ್ಮ ಸ್ಟಾಪು ದಾಟಿಹೋಗಿತ್ತು. ಈ ಹುರುಪು ಆರುವ ಮೊದಲು ಬರೆದುಬಿಟ್ಟರೆ ಬರೆದೇನು. ಆರಿದ ಮೇಲೆ ನನ್ನನ್ನು ನಂಬಬೇಡಿ.

ಎಲ್ಲಕ್ಕೂ ಮೂಲ ಒಂದು ಸತ್ತ ಫೋನು. ಅದು ನಮ್ಮ ಅಡುಗೆಮನೆಯ ಗೂಡಿನಲ್ಲಿ, ಹುಣಸೆಹಣ್ಣಿನ ಜಾಡಿಯ ಹಿಂದೆ ಗಾಜು ಒಡೆದುಕೊಂಡು ಮಲಗಿತ್ತು. ಮೊಮ್ಮಗಳು ಹರ್ಷಿತಾ ಒಂಬತ್ತನೇ ಕ್ಲಾಸು. ದಿನಾ ವ್ಯಾನಿನಲ್ಲಿ ಹೊಸೂರಿಗೆ ಹೋಗಿ ಓದುತ್ತಾಳೆ. ಪ್ರದರ್ಶನಕ್ಕೆ ಅವಳಿಗೆ ಬಂದ ವಿಷಯ ಇದು: ಶಾಲೆಗೆ ಹೋಗಿ ಕಲಿಯುವುದೋ, ಮನೆಯಲ್ಲೇ ಕೂತು ಫೋನಿನಲ್ಲಿ ಕಲಿಯುವುದೋ, ಯಾವುದರಿಂದ ಪರಿಸರಕ್ಕೆ ಹೆಚ್ಚು ಹೊರೆ? ಫೋನಿನ ಪಾಠದಿಂದ ಉಳಿಯುವ ಕಸವನ್ನು ತೋರಿಸಲು ಅವಳು ಮನೆ ಮನೆ ತಿರುಗಿ ಸತ್ತ ಫೋನು, ಹರಿದ ಚಾರ್ಜರು, ಒಂದೇ ಕಿವಿ ಉಳಿದ ಇಯರ್‌ಫೋನು ಎಲ್ಲ ತಂದು ನಮ್ಮ ಜಗುಲಿಯ ಮೇಲೆ ಗುಡ್ಡೆ ಹಾಕಿದಳು. ಗಡಿಯಂಚಿನ ನಮ್ಮೂರು ಸಣ್ಣದು. ಆ ಗುಡ್ಡೆ ನೋಡಿದರೆ ಊರಿನಲ್ಲಿ ಜನಕ್ಕಿಂತ ಚಾರ್ಜರುಗಳೇ ಹೆಚ್ಚಾಗಿ ಸತ್ತಿರುವ ಹಾಗೆ ಕಾಣುತ್ತಿತ್ತು.

ಇಷ್ಟಾದರೂ ಹರ್ಷಿ ಫೋನಿನ ಪಕ್ಷ. "ವ್ಯಾನಿನ ಹೊಗೆ ನೋಡಿದೀಯಾ ತಾತ? ಹೊಸೂರು ಬರೋ ಹೊತ್ಗೆ ನಮ್ ಮೂಗೆಲ್ಲ ಕರ್ರಗಾಗ್ಬುಡ್ತದೆ. ಮನೇಲೇ ಕೂತ್ರೆ ಡೀಸೆಲ್ ಇಲ್ಲ, ಪೇಪರ್ ಇಲ್ಲ, ಪೆನ್ನಿಲ್ಲ."

"ಗೆಳತೀರೂ ಇಲ್ಲ," ಎಂದೆ.

"ಅದು ಪರಿಸರದಾಗೆ ಬರಲ್ಲ."

ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಹೊಸೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಸವೆದವನು. ಹೊಸೂರಿನ ಪಕ್ಕದ ಮತ್ತಿಗಿರಿಯ ಬಾಡಿಗೆ ಮನೆಯಲ್ಲಿ ಸಂಸಾರ ಮಾಡಿ, ರಿಟೈರಾದ ಮೇಲೆ ಊರಿಗೆ ಬಂದೆ. ಊರಿನವರು ಈಗಲೂ ನನ್ನನ್ನು 'ಕಂಪ್ನಿಯಪ್ಪ' ಎನ್ನುತ್ತಾರೆ. ಆದರೆ ದೂರದಿಂದ ಕಲಿಯುವುದರಲ್ಲಿ ನನಗೂ ಅನುಭವ ಇಲ್ಲದಿಲ್ಲ. ಮದುವೆಯಾದ ಹೊಸದರಲ್ಲಿ ಅಂಚೆಯ ಮೂಲಕ ರೇಡಿಯೊ ರಿಪೇರಿ ಕಲಿಯಲು ಸೇರಿದ್ದೆ. ಪಾಠಗಳು ಕವರಿನಲ್ಲಿ ಬರುತ್ತಿದ್ದವು. ಬಿಚ್ಚುವುದು ಹೇಗೆ ಎಂಬ ಪಾಠ ಬಂದ ದಿನವೇ ಮಾವನ ರೇಡಿಯೊ ಬಿಚ್ಚಿದೆ. ಜೋಡಿಸುವ ಪಾಠ ಅಂಚೆಯಲ್ಲಿ ಎಲ್ಲಿಯೋ ತಪ್ಪಿಹೋಯಿತು. ಮಾವ ಸಾಯುವವರೆಗೂ ವಾರ್ತೆ ಕೇಳಲು ಪಕ್ಕದ ಮನೆಗೆ ಹೋಗುತ್ತಿದ್ದರು. ದೂರಶಿಕ್ಷಣದಿಂದ ಪರಿಸರಕ್ಕೆ ನಾನು ಮಾಡಿದ ಮೊದಲ ಹಾನಿ ಅದು: ಒಂದು ರೇಡಿಯೊ.

ತರಗತಿಯಲ್ಲಿ ಕೂತು ನಾವು ಮಾಡಿದ ಹಾನಿ ಅದಕ್ಕಿಂತ ಕಡಿಮೆ. ನಮ್ಮೂರ ಶಾಲೆಗೆ ಆಗ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಶನಿವಾರ ಬಂತೆಂದರೆ ಬೋರ್ಡಿಗೆ ಕಪ್ಪು ಬಳಿಯುವ ಹಬ್ಬ. ಮನೆಯಿಂದ ಇದ್ದಿಲು, ಬೇಲಿಯಿಂದ ತೊಂಡೆ ಎಲೆ. ಎರಡನ್ನೂ ಅರೆದು ಬೋರ್ಡಿಗೆ ತಿಕ್ಕಿ, ಉಳಿದದ್ದನ್ನು ಒಬ್ಬರ ಕೆನ್ನೆಗೊಬ್ಬರು ತಿಕ್ಕಿ, ಕೆರೆಯಲ್ಲಿ ತೊಳೆದುಕೊಂಡು ಮನೆಗೆ ಹೋಗುವುದು. ಒಂದಷ್ಟು ತೊಂಡೆ ಎಲೆ, ಒಂದಷ್ಟು ಅಮ್ಮಂದಿರ ಬೈಗುಳ, ಅಷ್ಟೇ ಖರ್ಚು. ಆ ತೊಂಡೆ ಎಲೆ ಕಿತ್ತು ತರುವುದರಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ನಿಪುಣ. ಅವನ ಮನೆಯಲ್ಲಿ ಆಡುಗಳಿದ್ದವು. ಯಾವ ಬೇಲಿಯಲ್ಲಿ ಯಾವ ಸೊಪ್ಪು ಎಳೆಯದು ಎಂದು ಆಡಿಗೆ ಎಷ್ಟು ಗೊತ್ತೋ ಅವನಿಗೂ ಅಷ್ಟೇ ಗೊತ್ತು. ಆಡು ಮೇಯಿಸಬೇಕಾದ ದಿನ ಅವನು ಶಾಲೆಗೆ ಬರುತ್ತಿರಲಿಲ್ಲ. ಮೇಷ್ಟ್ರು ತಲೆ ಎತ್ತದೆ ಹಾಜರಿ ಕೂಗುತ್ತಿದ್ದರು. ನನ್ನ ಹೆಸರಾದ ಮೇಲೆ ಅವನ ಹೆಸರು. ನನ್ನ ಹೆಸರಿಗೆ ತೆಳ್ಳನೆಯ ದನಿಯಲ್ಲಿ "ಬಂದಿದೀನಿ ಸಾ" ಎಂದು, ಅವನ ಹೆಸರಿಗೆ ದಪ್ಪ ದನಿಯಲ್ಲಿ "ಬಂದಿದೀನಿ ಸಾ" ಎನ್ನುತ್ತಿದ್ದೆ. ಅದಕ್ಕೆ ಪ್ರತಿಯಾಗಿ ಸಂಜೆ ಒಂದು ಹಿಡಿ ಕಾರೆಹಣ್ಣು ಸಿಗುತ್ತಿತ್ತು. ಅವನು ಐದನೆಯ ಕ್ಲಾಸಿಗೇ ಶಾಲೆ ಬಿಟ್ಟು ಆಡಿನ ಹಿಂದೆಯೇ ಹೋದ. ಈಗಲೂ ಆಡಿನ ಹಿಂದೆಯೇ ಇದ್ದಾನೆ.

ಎಲ್ಲಿಂದ ಎಲ್ಲಿಗೆ ಬಂದೆ ನೋಡಿ. ಫೋನಿಗೆ ಬರುತ್ತೇನೆ.

ಹರ್ಷಿ ಗುಡ್ಡೆಯಲ್ಲಿದ್ದ ಚಾರ್ಜರುಗಳನ್ನೆಲ್ಲ ಒಂದೊಂದಾಗಿ ಚುಚ್ಚಿ ನೋಡುತ್ತಾ, ಗೂಡಿನ ಫೋನಿಗೆ ಜೀವ ಬರಿಸಿಯೇಬಿಟ್ಟಳು. ನಾನು ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ಒಳಗಿನಿಂದ ಕಿರುಚಿದಳು.

"ತಾತಾ! ಪ್ರೂಫ್ ಸಿಕ್ಬುಡ್ತು! ಬಾ ಬಾ ಬಾ!"

ಹೋಗಿ ನೋಡಿದರೆ ಒಡೆದ ಗಾಜಿನ ಹಿಂದೆ ಹಚ್ಚಗೆ ಹೊಳೆಯುವ ನೇರಳೆ ಗಿಡ. ಅದರ ಕೆಳಗೆ ನಾನೇ ಬರೆದದ್ದು: 'ಶಾಲೆ ಗಿಡ, ಇವತ್ತು ನೀರು ಹಾಕಿದೆ.' ಬೆರಳು ಸರಿಸಿದರೆ ಇನ್ನೊಂದು ಹಸಿರು ಗಿಡ. ಇನ್ನೊಂದು. ಅವರೆಕಾಯಿಯ ಸೊಗಡಿನ ಕೈಯನ್ನು ಮತ್ತೆ ಮತ್ತೆ ಪಂಚೆಗೆ ಒರೆಸಿಕೊಂಡೆ.

ಇಲ್ಲಿ ನಿಮಗೆ ರಾಮಕ್ಕನ ಪರಿಚಯ ಆಗಬೇಕು. ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನದ ಊಟ ಬೇಯಿಸುವವಳು ಆಕೆ. ಸರ್ಕಾರದ ತಮಿಳಿನಲ್ಲಿ ಅದಕ್ಕೆ ಸತ್ತುಣವು ಎನ್ನುತ್ತಾರೆ. ಮಕ್ಕಳು ಮನೆಯಲ್ಲಿ ಯಾವ ಭಾಷೆ ಆಡಿದರೂ 'ರಾಮಕ್ಕನ ಊಟ' ಎನ್ನುತ್ತಾರೆ. ಆಕೆ ಬಂದ ಹೊಸದರಲ್ಲಿ ಶಾಲೆಯ ಕಾಂಪೌಂಡಿಗೆ ಒಂದು ಸಾಲು ನೇರಳೆ ಸಸಿ ನೆಡಿಸಿದಳು. ಅವಕ್ಕೆಂದು ಯಾರೂ ನೀರು ಸೇದಿದ್ದಿಲ್ಲ. ಊಟ ಮುಗಿದ ಮೇಲೆ ಮಕ್ಕಳು ತಟ್ಟೆಯನ್ನು ಗಿಡದ ಬುಡದಲ್ಲೇ ತೊಳೆಯಬೇಕು, ಅದೂ ತಮಗೆ ಗೊತ್ತು ಮಾಡಿದ ಗಿಡದ ಬುಡದಲ್ಲಿ. ಸೋಪು ಮುಟ್ಟುವಂತಿಲ್ಲ. ತೊಳೆಯದೆ ಓಡಿದವರನ್ನು ರಾಮಕ್ಕ ಸೌಟು ಹಿಡಿದು ಕೂಗುತ್ತಿದ್ದಳು: "ನೀನ್ ಉಂಡ್ಬುಟ್ಟೆ, ನಿನ್ ಗಿಡ ಉಪಾಸ ಐತಲ್ಲೋ!" ಅನ್ನದಗುಳು, ಸಾಂಬಾರಿನ ಬೇಳೆ ಎಲ್ಲ ಸೇರಿದ ನೀರು. ಬಟ್ಟಲು ಬಟ್ಟಲು ನೀರಿನಲ್ಲೇ ಗಿಡಗಳು ಮಕ್ಕಳ ಭುಜದೆತ್ತರ ಬಂದವು. ಹರ್ಷಿಗೂ ಒಂದು ಗಿಡವಿತ್ತು. ಅದಕ್ಕೆ ತನ್ನ ಪಾಲಿನ ಮೊಟ್ಟೆಯ ಸಿಪ್ಪೆ ಹಾಕುತ್ತಿದ್ದಳು.

ಆಮೇಲೆ ಕೊರೋನ ಬಂತು. ರಾಮಕ್ಕ ಮಗಳ ಬಾಣಂತನಕ್ಕೆಂದು ಮಾಲೂರಿಗೆ ಹೋಗಿದ್ದಳು. ನಮ್ಮಿಂದ ಮಾಲೂರು ಎಷ್ಟು ದೂರ? ಕೂಗಿದರೆ ಕೇಳಿಸದು, ಆದರೆ ಮೋಟರ್‌ಸೈಕಲ್ಲಿನಲ್ಲಿ ಎಲೆ ಅಡಿಕೆ ಜಗಿದು ಮುಗಿಸುವಷ್ಟರಲ್ಲಿ ತಲುಪಬಹುದು. ಆದರೆ ನಡುವೆ ರಾಜ್ಯದ ಗಡಿ ಇದೆ. ಗಡಿಗೆ ಅಡ್ಡಗಟ್ಟೆ ಬಿತ್ತು. ಆಕೆ ಆ ಕಡೆ, ಗಿಡಗಳು ಈ ಕಡೆ. ಶಾಲೆಯ ಗೇಟಿನ ಇನ್ನೊಂದು ಬೀಗದ ಕೈ ನಮ್ಮ ಮನೆಯಲ್ಲಿರುತ್ತಿತ್ತು, ನಾವು ಶಾಲೆಯ ಮಗ್ಗುಲಿನವರು. ಅಳಿಯನ ಫೋನಿನಿಂದ ರಾಮಕ್ಕ ಕರೆ ಮಾಡಿದಳು.

"ಕಂಪ್ನಿಯಪ್ಪಾ, ಮಕ್ಳು ಫೋನ್ನಾಗೆ ಪಾಠ ಕೇಳ್ತವಂತೆ. ಗಿಡಕ್ಕೆ ಫೋನ್ನಾಗೆ ನೀರ್ ಹಾಕಕ್ಕಾಯ್ತದಾ? ಒಸಿ ನೋಡ್ಕೊಳ್ಳಪ್ಪ."

"ಅದೇನ್ ದೊಡ್ ಕೆಲ್ಸ ಬುಡು ರಾಮಕ್ಕ," ಎಂದೆ. ನಿಜಕ್ಕೂ ದೊಡ್ಡ ಕೆಲಸವಲ್ಲ.

ಮೊದಲ ವಾರ ಹಾಕಿದೆ. ಅಷ್ಟರಲ್ಲಿ ಹರ್ಷಿಯ ಪಾಠಕ್ಕೆಂದು ಮಗ ಈ ಫೋನು ತಂದ. ಬೆಳಿಗ್ಗೆ ಅವಳ ಪಾಠ. ಮುಗಿದ ಮೇಲೆ ಫೋನು ನನ್ನದು. ಅಯ್ಯೋ, ಆ ಫೋನಿನಲ್ಲಿ ಏನುಂಟು ಏನಿಲ್ಲ! ಎತ್ತಿನ ಓಟ, ಕೆಟ್ಟ ಲಾರಿ ರಿಪೇರಿ, ಮರುಭೂಮಿಯಲ್ಲಿ ಹನಿ ನೀರಿನಿಂದ ದಾಳಿಂಬೆ ಬೆಳೆಯುವುದು ಹೇಗೆ. ಹನಿ ನೀರಾವರಿಯ ವೀಡಿಯೊಗಳನ್ನು ನಾನು ನೋಡಿದಷ್ಟು ನಮ್ಮ ತಾಲೂಕಿನಲ್ಲಿ ಇನ್ನಾರೂ ನೋಡಿರಲಾರರು. ಗೋಡೆಯಾಚೆ ಬಿಸಿಲಿನಲ್ಲಿ ನೇರಳೆ ಗಿಡಗಳು ಬಾಯಿ ಬಿಡುತ್ತಿದ್ದವು, ಈಚೆ ನೆರಳಿನಲ್ಲಿ ನಾನೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ನಾಳೆ ಹಾಕಿದರಾಯಿತು ಎಂದುಕೊಂಡೆ. ಗೇಟಿನ ಬೀಗ ತುಕ್ಕು ಹಿಡಿದಿದೆ ಎಂದುಕೊಂಡೆ. ಪೊಲೀಸರು ಕಂಡರೆ ಎಂದೂ ಅಂದುಕೊಂಡೆ. ನಮ್ಮ ಬೀದಿಗೆ ಪೊಲೀಸರು ಬಂದದ್ದು ನನಗೆ ನೆನಪಿಲ್ಲ.

ರಾಮಕ್ಕ ಕೇಳಿದಾಗಲೆಲ್ಲ "ಹಾಕ್ತಾ ಇದೀನಿ" ಎಂದೆ. ಒಂದು ದಿನ, "ಅಳಿಯನ ಫೋನ್ನಾಗೆ ಫೋಟೊ ಬತ್ತದಂತೆ, ಒಂದ್ ಕಳ್ಸಪ್ಪ, ಕಣ್ತುಂಬ ನೋಡ್ತೀನಿ," ಎಂದಳು. ನಮ್ಮ ಹಿತ್ತಲಿನ ಬಚ್ಚಲ ನೀರಿಗೆ ಬೆಳೆದ ಒಂದು ನೇರಳೆ ಗಿಡವಿತ್ತು, ಅದೇ ವಯಸ್ಸಿನದು. ಅದರ ಹಿಂದೆ ಬಿಳಿ ಬೆಡ್‌ಶೀಟು ಕಟ್ಟಿದೆ, ಶಾಲೆಯ ಗೋಡೆಯ ಹಾಗೆ ಕಾಣಲಿ ಎಂದು. ನನ್ನಾಕೆ ಪಾತ್ರೆ ತೊಳೆಯುತ್ತಿದ್ದವಳು ಸೊಂಟಕ್ಕೆ ಕೈ ಇಟ್ಟು ನಿಂತಳು.

"ಏನ್ರೀ ಇದು, ಗಿಡಕ್ಕೆ ಹೆಣ್ ನೋಡಕ್ ಬತ್ತಾವ್ರಾ?"

ಎಡದಿಂದ ಒಂದು, ಬಲದಿಂದ ಒಂದು, ಕುಕ್ಕರಗಾಲಿನಲ್ಲಿ ಕೂತು ಒಂದು. ಒಂದೇ ಗಿಡ ಒಂದು ಸಾಲು ಗಿಡವಾಯಿತು. ಆ ಕಡೆಯಿಂದ ರಾಮಕ್ಕ ಅಳಿಯನ ಕೈಲಿ ಕೈಮುಗಿದ ಗೊಂಬೆ ಕಳಿಸಿದಳು. ಅದನ್ನು ನೋಡಿದ ಮೇಲಾದರೂ ನಾನು ಎದ್ದು ಗೇಟು ತೆಗೆಯಬೇಕಿತ್ತು.

ಶಾಲೆ ತೆರೆಯುತ್ತದೆ, ರಾಮಕ್ಕ ಬರುತ್ತಾಳೆ ಎಂದು ಗೊತ್ತಾದ ಬೆಳಿಗ್ಗೆ ತೆಗೆದೆ. ಒಂದು ಸಾಲು ಕಡ್ಡಿ. ಎಲೆಯ ಹೆಸರಿಲ್ಲ. ಆಗ ನಾನು ಮಾಡಿದ್ದನ್ನೇ ವರ್ಷಗಟ್ಟಲೆ ಯಾರಿಗೂ ಹೇಳದೆ ಉಗುರು ಕತ್ತರಿಸುತ್ತಾ ಬಂದದ್ದು. ಮನೆಗೆ ಹೋಗಿ ಕಟಿಂಗ್ ಪ್ಲೇಯರ್ ತಂದೆ. ಒಣಗಿದ ಕುಡಿಗಳನ್ನು ಆಡು ಕಡಿದ ಹಾಗೆ ಕಾಣುವಂತೆ ಒಂದೊಂದಾಗಿ ಜಗ್ಗಿ ಮುರಿದೆ. ಫಿಟ್ಟರನ ಕೈ, ಹಲ್ಲಿನ ಗುರುತು ಕೂಡ ಮೂಡಿತು. ರಾಮಕ್ಕ ಬಂದು ಗೇಟಿನಲ್ಲೇ ಕುಸಿದು ಕೂತಾಗ, "ಆಡು ನುಗ್ಗಿಬುಟ್ಟಿದ್ವು ರಾಮಕ್ಕ, ನಿನ್ನೆವರ್ಗೂ ಹಸ್ರಾಗಿದ್ವು," ಎಂದೆ. ನಮ್ಮೂರಲ್ಲಿ ಆಡು ಎಂದರೆ ಒಬ್ಬನ ಆಡೇ, ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನದು.

ಅವನು ಅದೇ ಹೊತ್ತಿಗೆ ಆಡು ಹೊಡೆದುಕೊಂಡು ಬಂದ. ಮುಂದೆ ಒಂದು ಕರಿ ಆಡು, ಒಂದು ಕಿವಿ ಬಿಳಿ. ರಾಮಕ್ಕ ಎದ್ದವಳೇ ಶುರುಮಾಡಿದಳು.

"ನಿನ್ ಆಡಿಗ್ ಬಾಯೈತೆ ಸರಿ, ನಿಂಗ್ ಕಣ್ಣಿಲ್ವೇನ್ಲಾ? ಮಕ್ಳ ಎಂಜ್ಲು ಕುಡ್ದು ಬೆಳ್ದಿದ್ ಗಿಡ ಕಣ್ಲಾ ಅವು!"

"ನನ್ ಆಡು ಒಳಿಕ್ ಹೋಗಿಲ್ಲ ಕಣಕ್ಕ," ಎಂದು ಅವನು ನನ್ನ ಕಡೆ ನೋಡಿದ. ನಾನು ಬಾವುಟದ ಕಂಬ ನೋಡಿದೆ. ಅವನು ಮುರಿದ ಕಡ್ಡಿಗಳ ಹತ್ತಿರ ಹೋಗಿ ಬೆರಳಾಡಿಸಿ, ಹಲ್ಲಿನ ಗುರುತನ್ನು ಉಗುರಿನಿಂದ ಕೆರೆದು ನೋಡಿ, "ಹೋಗಿದ್ರೂ ಹೋಗಿರ್ಬೋದು, ನಾನ್ ಮಲ್ಗಿದ್ನೇನೋ," ಎಂದ.

ಅಂದಿನಿಂದ ಅವನ ಆಡುಗಳಿಗೆ ಶಾಲೆಯ ಓಣಿ ಬಂದ್. ಮಧ್ಯಾಹ್ನದ ಹೊತ್ತು ಶಾಲೆಯ ಗೋಡೆಯ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತು ಮಕ್ಕಳಿಗೆ ಮರಿ ಎತ್ತಿಕೊಳ್ಳಲು ಕೊಡುತ್ತಿದ್ದವನು ಕೆರೆ ಏರಿ ಸುತ್ತಿಕೊಂಡು ಹೋಗತೊಡಗಿದ. ಮಕ್ಕಳು ಅವನಿಗೆ 'ಗಿಡ ತಿಂದ ತಾತ' ಎಂದು ಹೆಸರಿಟ್ಟರು. ಅವನು ನಕ್ಕು ಮುಂದೆ ಹೋಗುತ್ತಿದ್ದ. ನನ್ನನ್ನು ಕಂಡರೆ ಮಾತ್ರ, "ಊಟ ಆಯ್ತೇನ್ಲಾ?" ಎಂದು ಮೊದಲಿನ ಹಾಗೆಯೇ ಕೇಳುತ್ತಿದ್ದ.

ಹರ್ಷಿಗೆ ಸಿಕ್ಕ ಪ್ರೂಫು ಅಂದರೆ ಇದು. ಮಕ್ಕಳು ಮನೆಯಲ್ಲಿ ಕೂತು ಕಲಿತಾಗ ಶಾಲೆಯ ಗಿಡಗಳು ಎಷ್ಟು ಸೊಂಪಾಗಿದ್ದವು ನೋಡಿ, ತಾತನ ಫೋಟೊಗಳೇ ಸಾಕ್ಷಿ, ಹಾಳುಮಾಡಿದ್ದು ಆಡು. ಚಾರ್ಟಿನ ನಡುವೆ ನನ್ನ ಫೋಟೊಗಳನ್ನು ಅಂಟಿಸಿದಳು. ಮೂಲೆಯಲ್ಲಿ ಒಂದು ಆಡು ಬರೆದು ಅದರ ಮೇಲೆ ಕೆಂಪು ಗೀಟು ಎಳೆದಳು. ಕರಿ ಆಡು, ಒಂದು ಕಿವಿ ಬಿಳಿ. ಹುಡುಗಿ ಚಿತ್ರ ಚೆನ್ನಾಗಿ ಬರೆಯುತ್ತಾಳೆ, ಅದೇ ಕಷ್ಟ.

ಬಣ್ಣ ಒಣಗಲೆಂದು ಚಾರ್ಟನ್ನು ಜಗುಲಿಯ ಮೇಲೆ ಹರಡಿದ್ದಳು. ಅವನು ಬೀದಿಯಲ್ಲಿ ಬಂದ. ಕೋಲು ಊರಿಕೊಂಡು ಬಗ್ಗಿ ನೋಡಿದ. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಇದೇನವ್ವ, ನಮ್ ಕರಿಯಾ?"

ಹರ್ಷಿ ನಾಲಿಗೆ ಕಚ್ಚಿಕೊಂಡಳು. "ಪ್ರಾಜೆಕ್ಟು ತಾತ... ಕೃಷ್ಣಗಿರಿಗೆ."

"ಕೃಷ್ಣಗಿರಿಗಂಟ ಹೋಯ್ತದಾ ನಮ್ ಕರಿಯ!" ಅವನು ಇನ್ನಷ್ಟು ಬಗ್ಗಿದ. "ಚೆನ್ನಾಗ್ ಬರ್ದಿದೀಯ. ಕೊಂಬು ಒಸಿ ಸೊಟ್ಟ ಆಗದೆ, ತಿದ್ಬುಡು. ನೋಡ್ದೋರು ಏನಂದ್ಕೊಂಡಾರು."

ಹೇಳಿ ಹೊರಟುಹೋದ. ಕೆಂಪು ಗೀಟಿನ ಬಗ್ಗೆ ಒಂದು ಮಾತಿಲ್ಲ. ನನಗೆ ಬಾಗಿಲ ಹಿಂದೆ ನಿಲ್ಲಲಾಗಲಿಲ್ಲ. ಹೊರಗೆ ಬಂದು, "ಹರ್ಷಿ, ಅದು ಬೆಡ್‌ಶೀಟು," ಎಂದೆ.

"ಯಾವ್ದು?"

"ಆ ಗೋಡೆ. ಅದು ಗೋಡೆ ಅಲ್ಲ. ಅದು ಶಾಲೆ ಗಿಡಾನೂ ಅಲ್ಲ." ಹಿತ್ತಲಿಗೆ ಕರೆದುಕೊಂಡು ಹೋಗಿ ನೇರಳೆ ಮರವನ್ನು ತೋರಿಸಿದೆ. ಎಲ್ಲವನ್ನೂ ಹೇಳಿದೆ, ಪ್ಲೇಯರಿನವರೆಗೆ. ಹುಡುಗಿ ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕಣ್ಣರಳಿಸಿ ಮರವನ್ನೂ ನನ್ನನ್ನೂ ನೋಡಿದಳು.

"ಅಂಗಾದ್ರೆ ಗಿಡ ಸತ್ತಿದ್ದು ನಾವ್ ಶಾಲೆಗ್ ಬರ್ದಿದ್ದಕ್ಕೆ! ನಾವ್ ತಟ್ಟೆ ತೊಳೀದಿದ್ದಕ್ಕೆ! ತಾತಾ, ಇದು ಯಾರ್ ಪ್ರಾಜೆಕ್ಟಾಗೂ ಇರಲ್ಲ! ವ್ಯಾನ್ ಹೊಗೆ ಎಲ್ಲಾರೂ ಬರೀತಾರೆ, ತಟ್ಟೆ ನೀರು ಯಾರ್ ಬರೀತಾರೆ?"

ಅಲ್ಲಿಯೇ ಪಕ್ಷ ಬದಲಾಯಿಸಿದಳು! ನನಗೂ ಅವಳ ಹುಚ್ಚು ಹಿಡಿಯಿತು. ಅಜ್ಜ ಮೊಮ್ಮಗಳು ನೆಲದ ಮೇಲೆ ಕೂತು ಫೋಟೊ ಕಿತ್ತೆವು. ಶಾಲೆ ಬಿಟ್ಟರೆ ಉಳಿಯುವ ಡೀಸೆಲ್ ಒಂದು ಕಡೆ ಬರೆದೆವು, ಅದು ಸುಳ್ಳಲ್ಲವಲ್ಲ. ಮಕ್ಕಳು ಬರದಿದ್ದರೆ ಒಣಗುವುದೆಲ್ಲ ಇನ್ನೊಂದು ಕಡೆ. ಎಷ್ಟೋ ಹೊತ್ತಿನ ಮೇಲೆ ಅವಳ ಕೈ ಆಡಿನ ಚಿತ್ರದ ಮೇಲೆ ನಿಂತಿತು.

"ಅಂಗಾರೆ ಆಡು ತಿನ್ಲೇ ಇಲ್ವಾ ತಾತ?"

ನಾನು ಇಲ್ಲವೆಂದು ತಲೆಯಾಡಿಸಿದೆ. "ನಾನೂ ಅವ್ರನ್ನ ಗಿಡ ತಿಂದ ತಾತ ಅಂತಿದ್ದೆ," ಎಂದಳು ಮೆಲ್ಲಗೆ. ಆಮೇಲೆ ಬ್ಲೇಡಿನಿಂದ ಆಡನ್ನು ಕೆರೆದು ತೆಗೆದಳು. ಅಲ್ಲಿ ಏನನ್ನೂ ಅಂಟಿಸಲು ಬಿಡಲಿಲ್ಲ.

ರಾಮಕ್ಕನಿಗೆ ನಾನೇ ಹೋಗಿ ಹೇಳಿದೆ. ಆಕೆ ಬೇಳೆ ಆರಿಸುತ್ತಿದ್ದ ಮೊರ ಕೆಳಗಿಟ್ಟಳು. ಮೊದಲು ನಕ್ಕಳು. "ಬೆಡ್‌ಶೀಟಾ! ನಾನ್ ನಮ್ ಬೀಗ್ರಿಗೆಲ್ಲ ತೋರ್ಸಿದ್ನಲ್ಲಪ್ಪೋ, ನಮ್ ಶಾಲೆ ಗೋಡೆ ಎಷ್ಟ್ ಬೆಳ್ಳಗದೆ ಅಂತ!" ಆಮೇಲೆ ನಗು ನಿಂತಿತು. "ನಂಗ್ ಹೇಳ್ಬುಟ್ಟೆ, ಸರಿ. ನಾನ್ ಬಾಯಿಗ್ ಬಂದಂಗ್ ಅಂದಿದ್ದು ಯಾರ್‌ನ?" ಎಂದು ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದು ನೇರ ಅವನ ಹಟ್ಟಿಗೆ ನಡೆದಳು. ನಾನು ತಿರುವಿನವರೆಗೆ ಅವಳ ಹಿಂದೆ ಹೋದೆ. ತಿರುವಿನಲ್ಲಿ ಚಪ್ಪಲಿಗೆ ಮುಳ್ಳು ಚುಚ್ಚಿದ ಹಾಗಾಯಿತು. ಕೂತು ನೋಡಿದೆ. ಮುಳ್ಳಿರಲಿಲ್ಲ.

ಕೃಷ್ಣಗಿರಿಯಲ್ಲಿ ಎಷ್ಟು ಜನ, ಎಷ್ಟು ಗದ್ದಲ! ತಿರುಗುವ ಗಾಳಿಯಂತ್ರ, ಉಗುಳುವ ಜ್ವಾಲಾಮುಖಿ, ನಡುವೆ ನಮ್ಮ ಚಾರ್ಟು, ಅದರ ಮುಂದೆ ಚಾರ್ಜರ್ ಗುಡ್ಡೆ ಮತ್ತು ರಾಮಕ್ಕ ಕೊಟ್ಟ ಒಂದು ಸ್ಟೀಲಿನ ತಟ್ಟೆ. ಹರ್ಷಿ ತಟ್ಟೆಯಲ್ಲಿ ನೀರು ಕುಲುಕಿ ಸಸಿಗೆ ಹಾಕಿ ತೋರಿಸಿದಾಗ ಜನ ಜ್ವಾಲಾಮುಖಿ ಬಿಟ್ಟು ಇತ್ತ ಬಂದರು! ತೀರ್ಪುಗಾರರಲ್ಲಿ ಒಬ್ಬರು ಕೆರೆದ ಮೂಲೆಯ ಮೇಲೆ ಬೆರಳಿಟ್ಟು, "ಇಂಗ ಎನ್ನಮ್ಮಾ ಇರುಂದದು?" ಎಂದು ಕೇಳಿದರು. ಇಲ್ಲಿ ಏನಿತ್ತು?

ಹರ್ಷಿ ತಮಿಳಿನಲ್ಲೇ ಹೇಳಿದಳು. ಅಲ್ಲೊಂದು ಆಡಿತ್ತು ಸಾರ್, ಅದು ಏನೂ ತಪ್ಪು ಮಾಡಿರಲಿಲ್ಲ, ಅದಕ್ಕೆ ತೆಗೆದೆ. ಅವರು ನಕ್ಕರು. ಯಾರ ಆಡು ಎಂದು ಕೇಳಿದರು. ಅವಳು ನನ್ನ ಕಡೆ ತಿರುಗಿದಳು. ಇದನ್ನು ನಾನೇ ಹೇಳಲಿ ಎಂದು ಬಿಟ್ಟಿದ್ದಳು. ನನ್ನ ಬಾಯಿಂದ ಬಂದದ್ದು, "ನಮ್ ಊರೋನ್ದು ಸಾರ್," ಎಂಬಷ್ಟೇ.

ಅವಳಿಗೆ ಎರಡನೇ ಬಹುಮಾನ ಬಂತು. ಮೊದಲನೆಯದು ಜ್ವಾಲಾಮುಖಿಗೇ ಹೋಯಿತು, ಇರಲಿ. ಶಾಲೆಯ ಕಾಂಪೌಂಡಿನಲ್ಲಿ ಮತ್ತೆ ನೇರಳೆ ಸಸಿ ನೆಟ್ಟಿದ್ದಾರೆ. ಮಧ್ಯಾಹ್ನ ತಟ್ಟೆಗಳ ಸದ್ದು ನಮ್ಮ ಹಿತ್ತಲಿಗೂ ಕೇಳುತ್ತದೆ. ರಜೆಯ ದಿನ ನೀರು ನಾನು ಹಾಕುತ್ತೇನೆ. ಫೋಟೊ ತೆಗೆಯುವುದಿಲ್ಲ. ಆಡುಗಳು ಮತ್ತೆ ಶಾಲೆಯ ಓಣಿಯಲ್ಲೇ ಬರುತ್ತವೆ, ಕರಿಯನೇ ಮುಂದೆ. ಅವನು ಕಲ್ಲುಬೆಂಚಿನ ಮೇಲೆ ಕೂರುತ್ತಾನೆ. ನಾನು ಬಿಂದಿಗೆ ಹಿಡಿದು ಗೋಡೆಯೀಚೆ ಸಸಿಗಳ ಪಕ್ಕ ನಿಲ್ಲುತ್ತೇನೆ. "ಊಟ ಆಯ್ತೇನ್ಲಾ?" ಎನ್ನುತ್ತಾನೆ. "ಆಯ್ತು," ಎನ್ನುತ್ತೇನೆ. ರಾಮಕ್ಕ ಅವನ ಹಟ್ಟಿಯಲ್ಲಿ ಎಲ್ಲವನ್ನೂ ಹೇಳಿದ್ದಾಳೆ, ಅವನಿಗೆ ಎಲ್ಲ ಗೊತ್ತು. ಆದರೂ ಊಟದ ಬಗ್ಗೆಯೇ ಕೇಳುತ್ತಾನೆ.

ನೀವು ಗಮನಿಸಿರಬಹುದು, ಇಷ್ಟು ಬರೆದೂ ನಾನು ಅವನು, ಅವನು ಎಂದೇ ಬರೆದಿದ್ದೇನೆ. ಅವನು ಇಲ್ಲದ ದಿನಗಳಲ್ಲಿ ಅವನ ಹೆಸರಿಗೆ ದಪ್ಪ ದನಿಯಲ್ಲಿ ಓಗೊಡುತ್ತಿದ್ದ ನನಗೆ, ಅವನು ಎದುರಿಗೆ ಕೂತಿರುವಾಗ ಆ ಹೆಸರು ಹಿಡಿದು ಕರೆಯಲು ಬಾಯಿ ಬರುತ್ತಿಲ್ಲ. ಕರೆದರೆ ಮುಂದಿನ ಮಾತನ್ನೂ ಆಡಬೇಕಾಗುತ್ತದೆ. ಹರ್ಷಿ ಇದನ್ನು ಕಲ್ಲುಬೆಂಚಿನ ಹತ್ತಿರ ಕೂತು ಅವನಿಗೆ ಓದಿ ಹೇಳುತ್ತೇನೆಂದು ಹಟ ಹಿಡಿದಿದ್ದಾಳೆ. ಹಾಗಾದರೆ ಹೆಸರು ಬಿಡುವಂತಿಲ್ಲ. ಹಾಜರಿಯಲ್ಲಿ ನನ್ನ ಹೆಸರಾದ ಮೇಲೆ ಬರುತ್ತಿದ್ದ ಹೆಸರು, ಸೊಣ್ಣಪ್ಪ.